ಅಡಿಕೆ ಪಟ್ಟಿ ಹಿಡಿದು ಆಬ್ಜೆಕ್ಟ್ ಕಲಿಯುವುದು: ನಲವತ್ತು ದಾಟಿದವರಿಗೆ ಒಂದು ದಾರಿ

ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ನಾನು ಹದಿನೆಂಟು ವರ್ಷ ಲೆಕ್ಕ ಬರೆದಿದ್ದೇನೆ. ನಲವತ್ಮೂರನೇ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಕೂತೆ. ವೇರಿಯೇಬಲ್, ಲೂಪ್, ಫಂಕ್ಷನ್ ತನಕ ಸರಾಗವಾಗಿ ಬಂತು. ಕ್ಲಾಸ್, ಆಬ್ಜೆಕ್ಟ್ ಅಂತ ಶುರುವಾದಾಗ ಗಾಡಿ ನಿಂತಿತು. ನಾನು ಹೋಗುತ್ತಿದ್ದ ಕೋಚಿಂಗ್‌ನಲ್ಲಿ 'ಪ್ರಾಣಿ ಒಂದು ಕ್ಲಾಸ್, ನಾಯಿ ಅದರ ಕೆಳಗಿನ ಕ್ಲಾಸ್, ನಾಯಿ ಬೊಗಳುತ್ತದೆ' ಎಂದು ಬರೆಸಿದರು. ಬರೆದುಕೊಂಡೆ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ, ಆ ನಾಯಿ ಇಟ್ಟುಕೊಂಡು ಮುಂದೆ ಏನು ಮಾಡಬೇಕು ಎಂದೇ ಗೊತ್ತಾಗಲಿಲ್ಲ.

ದಾರಿ ಸಿಕ್ಕಿದ್ದು ವಖಾರಿಯ ಹಳೆ ಪಟ್ಟಿ ಪುಸ್ತಕವನ್ನು ಪಕ್ಕಕ್ಕೆ ಇಟ್ಟುಕೊಂಡ ದಿನ. ಪಟ್ಟಿ ಅಂದರೆ ಅಡಿಕೆ ಮಾರಿದ ಬೆಳೆಗಾರರಿಗೆ ಬರೆದುಕೊಡುವ ಲೆಕ್ಕದ ಹಾಳೆ. ವಯಸ್ಸಾದ ಮೇಲೆ ಕಲಿಯುವವರ ಹತ್ತಿರ ಕಾಲೇಜು ಹುಡುಗರ ಹತ್ತಿರ ಇಲ್ಲದ ಒಂದು ವಸ್ತು ಇದೆ. ಒಂದು ಕೆಲಸ ಒಳಗಿಂದ ಹೊರಗಿನ ತನಕ ಗೊತ್ತಿರುತ್ತದೆ. ಅದರಲ್ಲಿ ತಪ್ಪು ಎಲ್ಲಿ ಆಗುತ್ತದೆ, ಯಾವ ಲೆಕ್ಕ ಯಾರ ಕೈಯಲ್ಲಿ ಇರಬೇಕು, ಎಲ್ಲ ಗೊತ್ತು. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕೇಳುವುದು ಅದನ್ನೇ. ಹಾಗಾಗಿ ನಿಮ್ಮ ಕೆಲಸವನ್ನೇ ಪಾಠಪುಸ್ತಕ ಮಾಡಿಕೊಳ್ಳಿ. ನನ್ನದು ಅಡಿಕೆ. ನಿಮ್ಮದು ಕಾರವಾರದ ಬೋಟಿನ ಮೀನಿನ ಲೆಕ್ಕ ಇರಬಹುದು, ಹಾಲು ಸೊಸೈಟಿ ಇರಬಹುದು, ಗೋಕರ್ಣದಲ್ಲಿ ನಾಲ್ಕು ಕೋಣೆಯ ಹೋಂಸ್ಟೇ ಇರಬಹುದು. ಓದುತ್ತಾ ಹೋದಂತೆ ಅಡಿಕೆ ಇದ್ದಲ್ಲಿ ನಿಮ್ಮ ಸರಕು ಇಟ್ಟುಕೊಳ್ಳಿ.

ಶುರುಮಾಡುವ ಮೊದಲು ಬೇಕಾದದ್ದು

ಭಾಷೆ ಪೈಥಾನ್ ಇರಲಿ. ಜಾವಾ, ಸಿ ಪ್ಲಸ್ ಪ್ಲಸ್ ಕೆಟ್ಟದ್ದಲ್ಲ. ಆದರೆ ಅವುಗಳಲ್ಲಿ ಮೊದಲ ಸಾಲು ಓಡಿಸುವ ಮೊದಲೇ ಬರೆಯಬೇಕಾದ್ದು ಜಾಸ್ತಿ. ವೇರಿಯೇಬಲ್, ಇಫ್, ಫಾರ್ ಲೂಪ್, ಲಿಸ್ಟ್, ಫಂಕ್ಷನ್ ಇಷ್ಟು ಬರಬೇಕು. ದಿನಕ್ಕೆ ಮುಕ್ಕಾಲು ಗಂಟೆ ಕೂತರೆ ಒಂದೂವರೆ ತಿಂಗಳಲ್ಲಿ ಬರುತ್ತದೆ. ಅದು ಬರುವ ಮೊದಲು ಕ್ಲಾಸ್ ಕಡೆ ಹೋಗಬೇಡಿ.

ಥಾನಿ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಎಸ್ಟೋನಿಯಾ ದೇಶದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಾಗಿಯೇ ಮಾಡಿದ್ದು. ಅದರ ಜೊತೆಗೇ ಪೈಥಾನ್ ಬರುತ್ತದೆ. ಒಮ್ಮೆ ಹಾಕಿದ ಮೇಲೆ ಇಂಟರ್ನೆಟ್ ಬೇಡ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ನೆಟ್‌ವರ್ಕ್ ಇಲ್ಲದ ನಮ್ಮ ಕಡೆಯ ಊರುಗಳಲ್ಲಿ ಇದು ದೊಡ್ಡ ಅನುಕೂಲ. ಪ್ರೋಗ್ರಾಂ ಒಂದೊಂದೇ ಹೆಜ್ಜೆ ಹೇಗೆ ಓಡುತ್ತದೆ ಎಂಬುದನ್ನೂ ಥಾನಿ ಕಣ್ಣೆದುರು ತೋರಿಸುತ್ತದೆ.

ಮುಂದೆ ನಾನು ಕೋಡನ್ನು ಕನ್ನಡದಲ್ಲಿ ಬರೆದಿದ್ದೇನೆ, ಬಾಯಲ್ಲಿ ಓದಿಕೊಳ್ಳಲಿ ಎಂದು. ನೀವು ಹೊಡೆಯುವಾಗ ಕ್ಲಾಸ್, ಡೆಫ್, ರಿಟರ್ನ್‌ನಂಥ ಪೈಥಾನಿನ ಸ್ವಂತ ಪದಗಳು, ಮತ್ತೆ ಇನಿಟ್ (init), ಸೆಲ್ಫ್ (self), ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ತೂಕ, ದರ, ಮೊತ್ತದಂಥ ನೀವು ಇಡುವ ಹೆಸರುಗಳನ್ನು ಪೈಥಾನ್ 3 ಕನ್ನಡ ಲಿಪಿಯಲ್ಲೂ ಒಪ್ಪಿಕೊಳ್ಳುತ್ತದೆ. ನನಗೆ ಮೊದಲ ತಿಂಗಳು ಇದು ತುಂಬ ಸಹಾಯ ಮಾಡಿತು. ಯಾವುದು ಭಾಷೆಯ ಪದ, ಯಾವುದು ನನ್ನ ಪದ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು.

ಮೊದಲ ಹೆಜ್ಜೆ: ಕ್ಲಾಸ್ ಇಲ್ಲದೆಯೇ ಬರೆಯಿರಿ

ಇದನ್ನು ಯಾರೂ ಬಿಡಬಾರದು. ಕ್ಲಾಸ್ ಯಾಕೆ ಬೇಕು ಅಂತ ಗೊತ್ತಾಗುವುದು ಅದಿಲ್ಲದೆ ಕಷ್ಟಪಟ್ಟಾಗ ಮಾತ್ರ.

ಟೆಂಡರಿಗೆ ಬಂದ ನಾಲ್ಕು ಲಾಟುಗಳನ್ನು (ಒಂದು ನಂಬರು ಹಾಕಿ ಒಟ್ಟಿಗೆ ಮಾರಲು ಇಟ್ಟ ಅಡಿಕೆ ಒಂದು ಲಾಟು) ತೆಗೆದುಕೊಳ್ಳೋಣ. ಮೂರು ಲಿಸ್ಟ್ ಮಾಡಿ. ದರ ಕ್ವಿಂಟಾಲಿಗೆ, ತೂಕ ಕಿಲೋದಲ್ಲಿ. ಅಂಕಿಗಳು ಉದಾಹರಣೆಗೆ ಇಟ್ಟದ್ದು, ಇವತ್ತಿನ ಪೇಟೆ ದರ ಅಲ್ಲ.

ನಂಬರ್ = [11, 12, 13, 14]
ತೂಕ = [240, 185, 310, 96]
ದರ = [45000, 44200, 46100, 43800]

ಲೂಪ್ ಹಾಕಿ ಪ್ರತಿಯೊಂದಕ್ಕೂ ತೂಕ ಗುಣಿಸು ದರ ಭಾಗಿಸು 100 ಮಾಡಿದರೆ ಮೊತ್ತ ಬರುತ್ತದೆ. 11ನೇ ಲಾಟಿಗೆ 1,08,000. ಸರಿಯಾಗಿದೆ. ಈಗ 12ನೇ ಲಾಟಿನವರಿಗೆ ದರ ಒಪ್ಪಿಗೆ ಆಗಲಿಲ್ಲ, ಕೊಡುವುದಿಲ್ಲ ಎಂದರು ಅಂತ ಇಟ್ಟುಕೊಳ್ಳಿ. ವಖಾರಿಯಲ್ಲಿ ಇದು ದಿನದ ಮಾತು. ಆ ಲಾಟನ್ನು ಲಿಸ್ಟಿನಿಂದ ತೆಗೆಯಬೇಕು. ನಾನು ನಂಬರಿನಿಂದ ತೆಗೆದೆ, ದರದಿಂದ ತೆಗೆದೆ, ತೂಕದಿಂದ ತೆಗೆಯಲು ಮರೆತೆ.

ಪ್ರೋಗ್ರಾಂ ಎಲ್ಲೂ ನಿಲ್ಲಲಿಲ್ಲ. ಕೆಂಪು ಅಕ್ಷರ ಬರಲಿಲ್ಲ. ಆದರೆ 13ನೇ ಲಾಟಿಗೆ 12ರ ತೂಕ ಹೋಗಿ ಕೂತಿತ್ತು. 1,42,910 ಆಗಬೇಕಾದಲ್ಲಿ 85,285 ಬಂದಿತ್ತು. ಐವತ್ತೇಳು ಸಾವಿರದ ಆರುನೂರ ಇಪ್ಪತ್ತೈದು ರೂಪಾಯಿ ಒಬ್ಬ ಬೆಳೆಗಾರರ ಪಟ್ಟಿಯಿಂದ ಸದ್ದಿಲ್ಲದೆ ಹೋಗಿತ್ತು. ನಾನು ಆ ದಿನ ಪರದೆಯನ್ನು ನೋಡುತ್ತಾ ತುಂಬ ಹೊತ್ತು ಕೂತೆ. ಕಾಗದದ ಪಟ್ಟಿಯಲ್ಲಿ ಇಂಥ ತಪ್ಪು ಆಗಲು ಸಾಧ್ಯವೇ ಇಲ್ಲ. ಯಾಕೆಂದರೆ ಅಲ್ಲಿ ನಂಬರು, ತೂಕ, ದರ ಮೂರೂ ಒಂದೇ ಹಾಳೆಯ ಮೇಲೆ ಇರುತ್ತವೆ. ಹಾಳೆ ತೆಗೆದರೆ ಮೂರೂ ಒಟ್ಟಿಗೆ ಹೋಗುತ್ತವೆ.

ಒಟ್ಟಿಗೆ ಇರಬೇಕಾದ್ದನ್ನು ಒಟ್ಟಿಗೆ ಇಡುವುದು. ಕ್ಲಾಸ್ ಹುಟ್ಟಿದ್ದು ಇದಕ್ಕೇ. ಈ ತಪ್ಪನ್ನು ನೀವೂ ಒಮ್ಮೆ ಬೇಕೆಂದೇ ಮಾಡಿ ನೋಡಿ.

ಎರಡನೇ ಹೆಜ್ಜೆ: ಕಾಗದದ ಮೇಲೆ ಎರಡು ಕಾಲಂ

ಲ್ಯಾಪ್‌ಟಾಪ್ ಮುಚ್ಚಿ. ಒಂದು ಹಾಳೆಯಲ್ಲಿ ಎಡಗಡೆ, ನಿಮ್ಮ ಕೆಲಸದಲ್ಲಿ ಬರುವ ವಸ್ತುಗಳ ಹೆಸರು ಬರೆಯಿರಿ. ಬಲಗಡೆ, ಅವುಗಳಿಗೆ ಏನೇನು ಗೊತ್ತಿರಬೇಕು, ಏನೇನು ಮಾಡಲು ಬರಬೇಕು ಎಂದು ಬರೆಯಿರಿ. ನನ್ನ ಹಾಳೆಯಲ್ಲಿ ಲಾಟು, ಪಟ್ಟಿ, ಬೆಳೆಗಾರ, ಖರ್ಚು ಇದ್ದವು. ಲಾಟಿಗೆ ತನ್ನ ನಂಬರು, ತೂಕ, ದರ ಗೊತ್ತು. ತನ್ನ ಮೊತ್ತ ಹೇಳಲು ಬರುತ್ತದೆ. ಪಟ್ಟಿಗೆ ತನ್ನಲ್ಲಿ ಯಾವ ಯಾವ ಲಾಟು ಇದೆ ಎಂದು ಗೊತ್ತು. ಹಮಾಲಿ, ದಲಾಲಿ ವಜಾ ಮಾಡಿ ನಿವ್ವಳ ಹೇಳಲು ಬರುತ್ತದೆ.

ಅಚ್ಚು ಹಾಕಿಸಿದ ಖಾಲಿ ಪಟ್ಟಿ ಹಾಳೆ ಇದೆಯಲ್ಲ, ಅದು ಕ್ಲಾಸ್. ಅದರಲ್ಲಿ ಹೆಸರು, ತೂಕ ತುಂಬಿ ಹರಿದು ಕೊಟ್ಟದ್ದು ಆಬ್ಜೆಕ್ಟ್. ಅಚ್ಚು ಒಂದು, ತುಂಬಿದ ಹಾಳೆ ಸಾವಿರ. ಒಂದು ಮಾತು ಮಾತ್ರ ನೆನಪಿಡಿ, ಇಲ್ಲದಿದ್ದರೆ ಮುಂದೆ ಗೊಂದಲ ಆಗುತ್ತದೆ. ಕಾಗದದ ಹಾಳೆ ತಾನಾಗಿ ಲೆಕ್ಕ ಮಾಡುವುದಿಲ್ಲ, ನಾವು ಮಾಡಬೇಕು. ಆಬ್ಜೆಕ್ಟ್ ಹಾಗಲ್ಲ. 'ನಿನ್ನ ಮೊತ್ತ ಎಷ್ಟು' ಎಂದು ಕೇಳಿದರೆ ಅದೇ ಲೆಕ್ಕ ಮಾಡಿ ಹೇಳುತ್ತದೆ.

ಮೂರನೇ ಹೆಜ್ಜೆ: ಮೊದಲ ಕ್ಲಾಸ್

ಕ್ಲಾಸ್ ಲಾಟ್:
    ಡೆಫ್ __ಇನಿಟ್__(ಸೆಲ್ಫ್, ನಂಬರ್, ತೂಕ, ದರ):
        ಸೆಲ್ಫ್.ನಂಬರ್ = ನಂಬರ್
        ಸೆಲ್ಫ್.ತೂಕ = ತೂಕ
        ಸೆಲ್ಫ್.ದರ = ದರ
    ಡೆಫ್ ಮೊತ್ತ(ಸೆಲ್ಫ್):
        ರಿಟರ್ನ್ ಸೆಲ್ಫ್.ತೂಕ * ಸೆಲ್ಫ್.ದರ / 100

ಇಷ್ಟೇ. ಇದನ್ನು ಬಳಸುವುದು ಹೀಗೆ:

ಅ = ಲಾಟ್(11, 240, 45000)
ಅ.ಮೊತ್ತ()

ಇನಿಟ್ ಎನ್ನುವುದು ಹೊಸ ಹಾಳೆ ತುಂಬುವ ಜಾಗ. ಲಾಟ್ ಎಂದು ಕರೆದ ಕೂಡಲೇ ತಾನಾಗಿ ಓಡುತ್ತದೆ. ಅದರ ಹಿಂದೆ ಮುಂದೆ ಎರಡೆರಡು ಅಡಿಗೆರೆ. ಒಂದೊಂದೇ ಹಾಕಿದರೆ ಪೈಥಾನ್ ಅದನ್ನು ಬೇರೆ ಯಾವುದೋ ಮೆಥಡ್ (ಕ್ಲಾಸಿನ ಒಳಗೆ ಬರೆದ ಫಂಕ್ಷನ್) ಎಂದುಕೊಳ್ಳುತ್ತದೆ. ಆಮೇಲೆ ಲಾಟ್ ಮಾಡಲು ಹೋದಾಗ 'ನನಗೆ ಏನೂ ಕೊಡಬೇಡಿ' ಎನ್ನುವ ಅರ್ಥದ ಎರರ್ ಬರುತ್ತದೆ. ಓದುವ ಕನ್ನಡಕ ಹಾಕುವ ವಯಸ್ಸಿನವರು ಥಾನಿಯಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಳ್ಳಿ. ಅಡಿಗೆರೆ, ಚುಕ್ಕಿ, ಕೋಲನ್ ಕಾಣದೆ ಹೋಗುವ ಸಮಯವೇ ಜಾಸ್ತಿ.

ನಾಲ್ಕನೇ ಹೆಜ್ಜೆ: ಈ 'ಸೆಲ್ಫ್' ಯಾರು?

ಹೊಸಬರಲ್ಲಿ ಹೆಚ್ಚಿನವರು ನಿಲ್ಲುವುದು ಇಲ್ಲಿ. ಅವಸರ ಮಾಡಬೇಡಿ, ಎರಡು ಮೂರು ದಿನ ಕೊಡಿ.

ನಮ್ಮ ಹವ್ಯಕ ಮನೆಗಳಲ್ಲಿ 'ನಾನು' ಎನ್ನಲು 'ಆನು' ಎನ್ನುತ್ತೇವೆ. ಜಗಲಿಯಲ್ಲಿ ಮೂರು ಜನ ಕೂತಿದ್ದಾರೆ. ಮೂವರೂ 'ಆನು' ಎನ್ನುತ್ತಾರೆ. ಪದ ಒಂದೇ, ಆದರೆ ಯಾರು ಮಾತಾಡುತ್ತಿದ್ದಾರೋ ಅವರಿಗೆ ಅದು ಸಲ್ಲುತ್ತದೆ. ಸೆಲ್ಫ್ ಅಂದರೆ ಆನು. 11ನೇ ಲಾಟನ್ನು ಕೇಳಿದಾಗ ಸೆಲ್ಫ್ ಅಂದರೆ 11. 14ನ್ನು ಕೇಳಿದಾಗ ಸೆಲ್ಫ್ ಅಂದರೆ 14. 'ಸೆಲ್ಫ್.ತೂಕ' ಅಂದರೆ 'ಎನ್ನ ತೂಕ'.

ಮಾತಿನಲ್ಲಿ ಒಪ್ಪಿಕೊಂಡರೆ ಸಾಲದು, ಕೈಯಿಂದ ಮಾಡಿ ನೋಡಬೇಕು. ಥಾನಿಯ ಕೆಳಗಿನ ಶೆಲ್‌ನಲ್ಲಿ (ಒಂದೊಂದೇ ಸಾಲು ಹೊಡೆದು ಆಗಲೇ ಉತ್ತರ ನೋಡುವ ಜಾಗ) ಈ ಎರಡು ಸಾಲು ಒಂದಾದ ಮೇಲೊಂದು ಹೊಡೆಯಿರಿ:

ಅ.ಮೊತ್ತ()
ಲಾಟ್.ಮೊತ್ತ(ಅ)

ಎರಡಕ್ಕೂ 108000.0 ಬರುತ್ತದೆ. ಮೊದಲ ಸಾಲು ಬರೆದಾಗ ಪೈಥಾನ್ ಒಳಗೆ ಎರಡನೇ ಸಾಲನ್ನೇ ಮಾಡುತ್ತದೆ. ಚುಕ್ಕಿಯ ಎಡಗಡೆ ಇದ್ದದ್ದನ್ನು ಎತ್ತಿ ಆವರಣದ ಒಳಗೆ ಮೊದಲನೇ ಜಾಗದಲ್ಲಿ ಇಡುತ್ತದೆ. ಆ ಜಾಗದ ಹೆಸರು ಸೆಲ್ಫ್.

ಈಗ ಮೊತ್ತದ ಆವರಣದಿಂದ ಸೆಲ್ಫ್ ಅಳಿಸಿ ಓಡಿಸಿ. 'ಟೇಕ್ಸ್ 0 ಪೊಸಿಷನಲ್ ಆರ್ಗ್ಯುಮೆಂಟ್ಸ್ ಬಟ್ 1 ವಾಸ್ ಗಿವನ್' ಎಂದು ಎರರ್ ಬರುತ್ತದೆ. ನಾನು ಆವರಣ ಖಾಲಿ ಬಿಟ್ಟಿದ್ದೇನೆ, ಒಂದು ಕೊಟ್ಟಿದ್ದೀರಿ ಅಂತ ಯಾಕೆ ಹೇಳುತ್ತದೆ ಎಂದು ನಾನು ಎರಡು ಸಂಜೆ ಯೋಚನೆ ಮಾಡಿದೆ. ಆ ಒಂದು ಅಂದರೆ ಅದೇ, ಚುಕ್ಕಿಯ ಎಡಗಡೆಯದ್ದು. ಅದು ತಿಳಿದ ಮೇಲೆ ಈ ಎರರ್ ನನ್ನನ್ನು ಮತ್ತೆ ಹೆದರಿಸಲಿಲ್ಲ.

ಐದನೇ ಹೆಜ್ಜೆ: ಒಂದೇ ವಸ್ತು, ಎರಡು ಹೆಸರು

ಮನೆಯಲ್ಲಿ 'ಅಪ್ಪಿ' ಎಂದು ಕರೆಯುವ ಹುಡುಗನಿಗೆ ರೇಷನ್ ಕಾರ್ಡಿನಲ್ಲಿ ಬೇರೆ ಹೆಸರು ಇರುತ್ತದೆ. ಹುಡುಗ ಒಬ್ಬನೇ. 'ಬ = ಅ' ಎಂದು ಬರೆದರೆ ಆಗುವುದು ಇದೇ. ಹೊಸ ಲಾಟು ಹುಟ್ಟುವುದಿಲ್ಲ, ಇದ್ದ ಲಾಟಿಗೆ ಇನ್ನೊಂದು ಹೆಸರು ಬರುತ್ತದೆ. ಬ.ತೂಕ ಬದಲಿಸಿ ಅ.ತೂಕ ನೋಡಿ, ಅದೂ ಬದಲಾಗಿರುತ್ತದೆ. ಥಾನಿಯ ವ್ಯೂ ಮೆನುವಿನಲ್ಲಿ ಹೀಪ್ (ಕಂಪ್ಯೂಟರಿನ ಮೆಮೊರಿಯಲ್ಲಿ ಆಬ್ಜೆಕ್ಟುಗಳು ಇರುವ ಜಾಗ) ಎಂಬುದನ್ನು ತೆರೆದರೆ ಎರಡು ಹೆಸರೂ ಒಂದೇ ಜಾಗ ತೋರಿಸುವುದು ಕಾಣುತ್ತದೆ.

ಇದರ ಪಕ್ಕದಲ್ಲೇ ಒಂದು ಹಳ್ಳ ಇದೆ, ನಾನು ಬಿದ್ದದ್ದು. ಪ್ರತಿ ಪಟ್ಟಿಗೂ ಖರ್ಚಿನ ಲಿಸ್ಟ್ ಬೇಕಿತ್ತು. 'ಖರ್ಚುಗಳು = []' ಎಂಬ ಸಾಲನ್ನು ಇನಿಟ್ ಒಳಗೆ ಬರೆಯುವ ಬದಲು ಕ್ಲಾಸ್ ಸಾಲಿನ ಕೆಳಗೇ ಬರೆದೆ. ಒಂದು ಪಟ್ಟಿಗೆ ಹಮಾಲಿ ಸೇರಿಸಿದೆ. ಎಲ್ಲ ಪಟ್ಟಿಗಳಲ್ಲೂ ಆ ಹಮಾಲಿ ಬಂತು! ಕ್ಲಾಸಿನ ಕೆಳಗೆ ಬರೆದದ್ದು ಅಚ್ಚಿನ ಮೇಲೆ ಬರೆದ ಹಾಗೆ, ಎಲ್ಲರಿಗೂ ಒಂದೇ. ಒಬ್ಬೊಬ್ಬರಿಗೆ ಬೇರೆ ಬೇರೆ ಬೇಕಾದದ್ದು ಇನಿಟ್ ಒಳಗೆ, ಸೆಲ್ಫ್ ಹಚ್ಚಿ ಬರೆಯಬೇಕು.

ಇನ್ನೊಂದು ಸಣ್ಣ ವಿಷಯ. ಪ್ರಿಂಟ್(ಅ) ಎಂದರೆ ಅರ್ಥವಾಗದ ಒಂದು ಸಾಲು ಬರುತ್ತದೆ. ತಪ್ಪಾಗಿಲ್ಲ. __ಎಸ್‌ಟಿಆರ್__ ಎಂಬ ಮೆಥಡ್ ಬರೆದು, ಲಾಟು ತನ್ನನ್ನು ಹೇಗೆ ತೋರಿಸಿಕೊಳ್ಳಬೇಕು ಎಂದು ಹೇಳಿದರೆ ಸರಿಯಾಗುತ್ತದೆ. ಇದನ್ನು ಬೇಗ ಬರೆದುಕೊಳ್ಳಿ, ತಪ್ಪು ಹುಡುಕುವಾಗ ಬೇಕಾಗುತ್ತದೆ.

ಆರನೇ ಹೆಜ್ಜೆ: ಗಲ್ಲಾಪೆಟ್ಟಿಗೆಗೆ ಕೈ ಹಾಕಬೇಡಿ

ವಖಾರಿಯಲ್ಲಿ ಯಾರೂ ಬಂದು ನೇರ ಗಲ್ಲಾಪೆಟ್ಟಿಗೆಗೆ ಕೈ ಹಾಕುವುದಿಲ್ಲ. ಲೆಕ್ಕದವರನ್ನು ಕೇಳುತ್ತಾರೆ. ಆಬ್ಜೆಕ್ಟ್ ಒಳಗಿನ ತೂಕವನ್ನೂ ಹೊರಗಿಂದ ನೇರ ತಿದ್ದದೆ, 'ತೂಕ_ತಿದ್ದು' ಎಂಬ ಮೆಥಡ್ ಮೂಲಕ ತಿದ್ದಿಸಿ. ಸೊನ್ನೆಗಿಂತ ಕಡಿಮೆ ತೂಕ ಬಂದರೆ ಅಲ್ಲೇ ತಡೆಯಬಹುದು. ಪುಸ್ತಕಗಳಲ್ಲಿ ಎನ್‌ಕ್ಯಾಪ್ಸುಲೇಶನ್ ಎಂದು ದೊಡ್ಡ ಹೆಸರಿದೆ. ಪೈಥಾನ್ ಬೀಗ ಹಾಕುವುದಿಲ್ಲ. ಹೆಸರಿನ ಮೊದಲು ಒಂದು ಅಡಿಗೆರೆ ಇಟ್ಟರೆ 'ಇದನ್ನು ಹೊರಗಿಂದ ಮುಟ್ಟಬೇಡಿ' ಎಂಬ ಸೂಚನೆ ಅಷ್ಟೇ. ಸದ್ಯಕ್ಕೆ ಇಷ್ಟು ಸಾಕು.

ಏಳನೇ ಹೆಜ್ಜೆ: ಇನ್‌ಹೆರಿಟೆನ್ಸ್, ತೀರಾ ಬೇಕಾದಾಗ ಮಾತ್ರ

ಅಡಿಕೆಯಲ್ಲಿ ರಾಶಿ, ಚಾಲಿ, ಬೆಟ್ಟೆ, ಚಿಪ್ಪು, ಕೆಂಪುಗೋಟು, ಬಿಳೆಗೋಟು ಎಂದು ಎಷ್ಟೊಂದು ಬಗೆ. ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನಲ್ಲಿ ಬರೆದದ್ದನ್ನು ಅದರ ಕೆಳಗಿನ ಕ್ಲಾಸ್ ಪಡೆಯುವುದು) ಕಲಿತ ಹುರುಪಿನಲ್ಲಿ ನಾನು ಅಡಿಕೆ ಎಂಬ ತಾಯಿ ಕ್ಲಾಸ್, ಅದರ ಕೆಳಗೆ ರಾಶಿ, ಚಾಲಿ, ಬೆಟ್ಟೆ ಎಂದು ಒಂದೊಂದಕ್ಕೂ ಮಗು ಕ್ಲಾಸ್ ಬರೆದೆ. ಆರು ಕ್ಲಾಸ್ ಆಯಿತು, ಆರರಲ್ಲೂ ಒಂದೇ ಲೆಕ್ಕ. ತೋಟದಲ್ಲಿ, ಅಂಗಳದಲ್ಲಿ ಅವು ನಿಜಕ್ಕೂ ಬೇರೆ. ರಾಶಿ ಎಂದರೆ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ್ದು, ಚಾಲಿ ಎಂದರೆ ಹಣ್ಣಡಿಕೆ ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದದ್ದು. ಆದರೆ ಪಟ್ಟಿ ಬರೆಯುವವನಿಗೆ ಎರಡಕ್ಕೂ ತೂಕ ಗುಣಿಸು ದರ. ಹಾಗಿದ್ದರೆ ಬಗೆ ಎನ್ನುವುದು ಲಾಟಿನ ಒಳಗೆ ಒಂದು ಪದ ಅಷ್ಟೇ: ಸೆಲ್ಫ್.ಬಗೆ = 'ಚಾಲಿ'. ಆ ಆರೂ ಮಗು ಕ್ಲಾಸ್ ಅಳಿಸಿದೆ. ಏನೂ ಕೆಡಲಿಲ್ಲ.

ಹಾಗಾದರೆ ಯಾವಾಗ ಬೇಕು? ಮಾಡುವ ಕೆಲಸವೇ ಬೇರೆ ಆದಾಗ. ತೆಂಗಿನಕಾಯಿಯನ್ನು ಎಣಿಕೆಯ ಮೇಲೆ ಮಾರುತ್ತೀರಿ ಎನ್ನಿ. ಅಲ್ಲಿ ತೂಕವೇ ಇಲ್ಲ, ಕಾಯಿಯ ಸಂಖ್ಯೆ ಗುಣಿಸು ಒಂದು ಕಾಯಿಯ ದರ. ಈಗ ಸರಕು ಎಂಬ ತಾಯಿ ಕ್ಲಾಸ್ ಮಾಡಿ, ನಂಬರು, ಬೆಳೆಗಾರರ ಹೆಸರು ಅಲ್ಲಿ ಇಡಿ. ತೂಕದ ಲಾಟು, ಎಣಿಕೆಯ ಲಾಟು ಎಂದು ಎರಡು ಮಕ್ಕಳು. ಇಬ್ಬರಿಗೂ ಮೊತ್ತ ಎಂಬ ಮೆಥಡ್ ಇದೆ, ಒಳಗಿನ ಲೆಕ್ಕ ಬೇರೆ. ಪಟ್ಟಿ ಮಾಡುವ ಲೂಪು 'ಮೊತ್ತ ಹೇಳು' ಎಂದು ಒಂದೇ ಮಾತು ಹೇಳುತ್ತದೆ, ಪ್ರತಿಯೊಬ್ಬರೂ ತಮ್ಮ ರೀತಿಯಲ್ಲಿ ಹೇಳುತ್ತಾರೆ. ಯಕ್ಷಗಾನದಲ್ಲಿ ಭಾಗವತರು ಪದ ಎತ್ತಿದಾಗ ಸ್ತ್ರೀವೇಷ ಕುಣಿಯುವುದೇ ಬೇರೆ, ಬಣ್ಣದ ವೇಷ ಕುಣಿಯುವುದೇ ಬೇರೆ ಅಲ್ವಾ? ಭಾಗವತರು ಒಬ್ಬೊಬ್ಬರಿಗೂ ಹೀಗೆ ಕಾಲಿಡು ಎಂದು ಹೇಳಿಕೊಡುವುದಿಲ್ಲ. ಪಾಲಿಮಾರ್ಫಿಸಂ ಎಂದರೆ ಇದೇ.

ಗೊಂದಲ ಆದಾಗ ಕನ್ನಡದಲ್ಲೇ ಒಂದು ವಾಕ್ಯ ಮಾಡಿ ನೋಡಿ. 'ತೆಂಗಿನ ಲಾಟು ಒಂದು ಬಗೆಯ ಸರಕು' ಎಂದರೆ ಸರಿಯಾಗಿ ಕೇಳುತ್ತದೆ, ಅಲ್ಲಿ ಇನ್‌ಹೆರಿಟೆನ್ಸ್ ಇರಬಹುದು. 'ಪಟ್ಟಿ ಒಂದು ಬಗೆಯ ಲಾಟು' ಎಂದರೆ ಕಿವಿಗೆ ತಪ್ಪು. 'ಪಟ್ಟಿಯಲ್ಲಿ ಲಾಟುಗಳಿವೆ' ಎಂಬುದೇ ಸರಿ. ಅಂದರೆ ಪಟ್ಟಿಯ ಒಳಗೆ ಲಾಟುಗಳ ಲಿಸ್ಟ್ ಇಡಬೇಕು. ಈ ಎರಡನೆಯದಕ್ಕೆ ಕಾಂಪೊಸಿಷನ್ ಎನ್ನುತ್ತಾರೆ. ನನ್ನ ಅನುಭವದಲ್ಲಿ ದಿನನಿತ್ಯದ ಕೆಲಸಕ್ಕೆ ಇದೇ ಹೆಚ್ಚು ಬೇಕಾಗುತ್ತದೆ.

ಇದೆಲ್ಲ ಅಡಿಕೆಗೆ ಎಳೆದು ತಂದದ್ದು ಅನ್ನಿಸಬಹುದು. ಆದರೆ ಈ ವಿದ್ಯೆ ಹುಟ್ಟಿದ್ದೇ ಹೀಗೆ. 1960ರ ದಶಕದಲ್ಲಿ ನಾರ್ವೆ ದೇಶದ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಸಿಮುಲಾ ಎಂಬ ಭಾಷೆ ಮಾಡಿದರು. ಹೊರಗಿನ ಲೋಕದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಲು ಅವರಿಗೆ ಒಂದು ಭಾಷೆ ಬೇಕಿತ್ತು. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಬಂದದ್ದು ಅವರ ಸಿಮುಲಾ 67ರಲ್ಲಿ. ಆಬ್ಜೆಕ್ಟ್ ಓರಿಯೆಂಟೆಡ್ ಎಂಬ ಹೆಸರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಅಲನ್ ಕೇ ಇಟ್ಟದ್ದು. ಸಿ ಪ್ಲಸ್ ಪ್ಲಸ್‌ಗೆ, ಆಮೇಲೆ 1995ರಲ್ಲಿ ಬಂದ ಜಾವಾಕ್ಕೆ ದಾರಿ ಅಲ್ಲಿಂದಲೇ. ನಡೆಯುವ ಒಂದು ಕೆಲಸವನ್ನು ಎದುರಿಗಿಟ್ಟುಕೊಂಡು ಹೊರಟವರು ಅವರು. ನಾವೂ ಅದನ್ನೇ ಮಾಡುತ್ತಿದ್ದೇವೆ.

ದಿನಚರಿ ಬಗ್ಗೆ

ನಾನು ಬೆಳಿಗ್ಗೆ ಐದೂವರೆಗೆ ಕೂರುತ್ತಿದ್ದೆ. ರಾತ್ರಿ ವಖಾರಿಯಿಂದ ಬಂದ ಮೇಲೆ ತಲೆ ಓಡುವುದಿಲ್ಲ. ಭಾನುವಾರ ಐದು ಗಂಟೆ ಕೂರುವುದಕ್ಕಿಂತ ದಿನಕ್ಕೆ ಮುಕ್ಕಾಲು ಗಂಟೆ ಒಳ್ಳೆಯದು. ಕೋಡ್ ಕಾಪಿ ಮಾಡಿ ಅಂಟಿಸಬೇಡಿ, ಬೆರಳಿನಿಂದ ಹೊಡೆಯಿರಿ. ಎರರ್ ಬಂದರೆ ಕೆಳಗಿನ ಕೊನೆಯ ಸಾಲಿನಿಂದ ಓದಿ, ಏನಾಯಿತು ಎಂಬುದು ಅಲ್ಲಿರುತ್ತದೆ. ಕರೆಂಟ್ ಇಲ್ಲದ ದಿನ ಹತ್ತು ಸಾಲಿನ ಕೋಡನ್ನು ಕಾಗದದ ಮೇಲೆ ಬರೆದು, ಪ್ರತಿ ಸಾಲಿನ ನಂತರ ಯಾವ ಹೆಸರಿಗೆ ಯಾವ ಬೆಲೆ ಎಂದು ಪಕ್ಕದಲ್ಲಿ ಬರೆಯುತ್ತಾ ಹೋಗಿ. ನನಗೆ ಅತಿ ಹೆಚ್ಚು ತಿಳಿದದ್ದು ಇಂಥ ಮಳೆಯ ದಿನಗಳಲ್ಲಿ. ಎಐ ಚಾಟ್ ಬಳಸುವವರು ಪೂರ್ತಿ ಪ್ರೋಗ್ರಾಂ ಬರೆಸಿಕೊಳ್ಳಬೇಡಿ. ನೀವು ಬರೆದದ್ದನ್ನು ತೋರಿಸಿ 'ಇದರಲ್ಲಿ ತಪ್ಪು ಎಲ್ಲಿದೆ' ಎಂದು ಕೇಳಿ.

ಮೂರು ತಿಂಗಳ ಹೊತ್ತಿಗೆ ಲಾಟು, ಪಟ್ಟಿ ಎರಡು ಕ್ಲಾಸ್ ಗಟ್ಟಿಯಾಗಿ ನಿಲ್ಲುತ್ತವೆ. ಆಗ ಒಂದು ಕೊರತೆ ಕಾಣುತ್ತದೆ. ಪ್ರೋಗ್ರಾಂ ಮುಚ್ಚಿದರೆ ಆಬ್ಜೆಕ್ಟುಗಳೆಲ್ಲ ಹೋಗುತ್ತವೆ. ಅವನ್ನು ಸಿಎಸ್‌ವಿ (ಒಂದೊಂದು ಬೆಲೆಯ ನಡುವೆ ಅಲ್ಪವಿರಾಮ ಇರುವ ಸರಳ) ಫೈಲಿಗೆ ಬರೆದು ಮತ್ತೆ ಓದಿಕೊಳ್ಳುವುದನ್ನು ಕಲಿಯಿರಿ. ಆ ಫೈಲನ್ನು ಎಕ್ಸೆಲ್‌ನಲ್ಲೂ ತೆರೆಯಬಹುದು.

ಆಮೇಲೆ ಕಳೆದ ವರ್ಷದ ಹತ್ತು ಹಳೆ ಪಟ್ಟಿ ತೆಗೆದು, ಒಂದೊಂದನ್ನೇ ಪ್ರೋಗ್ರಾಮಿಗೆ ಹಾಕಿ, ನಿವ್ವಳ ತಾಳೆ ನೋಡಿ. ನನ್ನದರಲ್ಲಿ ಒಂಬತ್ತು ತಾಳೆಯಾದವು, ಹತ್ತನೆಯದರಲ್ಲಿ ಒಂದು ಪೈಸೆ ವ್ಯತ್ಯಾಸ. ಬಿಡಬೇಡಿ, ಕಾರಣ ಹುಡುಕಿ. ಶೆಲ್‌ನಲ್ಲಿ 0.1 + 0.2 ಹೊಡೆದು ನೋಡಿ, 0.30000000000000004 ಎಂದು ಬರುತ್ತದೆ. ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಹಣವನ್ನು ರೂಪಾಯಿಯಲ್ಲಿ ಇಡದೆ ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಟ್ಟೆ. ತಿದ್ದಬೇಕಾದದ್ದು ಲಾಟ್ ಕ್ಲಾಸಿನ ಮೊತ್ತ ಎಂಬ ಮೆಥಡ್‌ನಲ್ಲಿ ಎರಡು ಸಾಲು, ಪಟ್ಟಿಯ ನಿವ್ವಳದಲ್ಲಿ ಒಂದು ಸಾಲು. ಉಳಿದ ಕಡೆ ಕೈ ಹಾಕುವ ಅಗತ್ಯವೇ ಬರಲಿಲ್ಲ. ಮತ್ತೆ ಓಡಿಸಿದೆ, ಹತ್ತೂ ಪಟ್ಟಿ ಪೈಸೆಗೆ ಪೈಸೆ ತಾಳೆಯಾದವು.